ನಿಧಾನಗೊಂಡ ಗಣಕಕ್ಕೆ ಹೊಸ ವ್ಯವಸ್ಥೆ: ಅಳಿಸುವ ಮುನ್ನ, ಅಳಿಸಿದ ಬಳಿಕ

ಕೊಂಡ ಹೊಸತರಲ್ಲಿ ಗುಂಡಿಯನ್ನೊತ್ತಿದ ಕೂಡಲೆ ಎಚ್ಚೆತ್ತು ಕೆಲಸಕ್ಕೆ ನಿಲ್ಲುತ್ತಿದ್ದ ಮನೆಯ ಗಣಕಯಂತ್ರವು, ನಾಲ್ಕೈದು ವರ್ಷಗಳು ಕಳೆಯುವಷ್ಟರಲ್ಲಿ ತೆರೆಯ ಮೇಲೆ ತಿರುಗುವ ಚುಕ್ಕೆಗಳನ್ನೇ ಬಹುಕಾಲ ತೋರಿಸುತ್ತ, ಒಂದು ಪತ್ರವನ್ನು ತೆರೆಯುವುದಕ್ಕೂ ಮನೆಮಂದಿಯ ತಾಳ್ಮೆಯನ್ನೆಲ್ಲ ಬೇಡತೊಡಗಿದಾಗ, ಅದಕ್ಕೆ ವಯಸ್ಸಾಯಿತೆಂದೂ ಹೊಸದೊಂದನ್ನು ಕೊಳ್ಳುವುದೇ ಲೇಸೆಂದೂ ನಿಶ್ಚಯಿಸುವವರು ಬಹುಮಂದಿ. ಆದರೆ ಲೆಕ್ಕ ಮಾಡುವ ಪ್ರೊಸೆಸರು ಮೊದಲ ದಿನ ಎಷ್ಟು ವೇಗದಿಂದ ಲೆಕ್ಕ ಮಾಡುತ್ತಿತ್ತೋ, ಧೂಳು ತುಂಬಿ ಬಿಸಿಯೇರದಿದ್ದರೆ ಇಂದೂ ಅಷ್ಟೇ ವೇಗದಿಂದ ಮಾಡಬಲ್ಲುದು. ಬದಲಾದುದು ಅದರ ಮೇಲೆ ವರ್ಷಾನುವರ್ಷವಾಗಿ ನಾವು ಹೊರಿಸಿದ ಭಾರ. ಒಮ್ಮೆ ಬಳಸಿ ಮರೆತ ತಂತ್ರಾಂಶಗಳು, ಅವು ತಮ್ಮೊಡನೆ ಕೇಳದೆಯೇ ಕರೆತಂದ ಸಹಚರ ತಂತ್ರಾಂಶಗಳು, ಯಂತ್ರ ಏಳುವಾಗಲೆಲ್ಲ ತಾವೂ ಏಳುವ ಹತ್ತಾರು ಸಣ್ಣ ಸೇವೆಗಳು, ಅರ್ಧಕ್ಕೆ ನಿಂತ ಅಪ್‌ಡೇಟುಗಳ ಅವಶೇಷಗಳು, ಇವೆಲ್ಲ ಸೇರಿ ಶಕ್ತಿಯುಳ್ಳ ಯಂತ್ರವನ್ನೂ ಅಶಕ್ತವಾದಂತೆ ತೋರಿಸುತ್ತವೆ.

ಇದಕ್ಕೆ ಸಮೂಲವಾದ ಪರಿಹಾರವೆಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ, ಕಾರ್ಯಾಚರಣ ವ್ಯವಸ್ಥೆಯನ್ನು ಮೊದಲಿನಿಂದ ಹೊಸದಾಗಿ ಸ್ಥಾಪಿಸುವುದು. ಪೇಟೆಯ ರಿಪೇರಿ ಅಂಗಡಿಗಳಲ್ಲಿ ‘ಫಾರ್ಮ್ಯಾಟ್ ಮಾಡಿ ಓಎಸ್ ಹಾಕುವುದು’ ಎಂದು ಕರೆಯುವ ಕೆಲಸ ಇದೇ. ಸಾವಧಾನದಿಂದ ಓದಿ, ತೆರೆಯ ಮೇಲಿನ ಪ್ರತಿಯೊಂದು ಪ್ರಶ್ನೆಗೂ ಅರ್ಥ ತಿಳಿದು ಉತ್ತರ ಕೊಡಬಲ್ಲ ಯಾವ ಗೃಹಸ್ಥನಾದರೂ, ಗೃಹಿಣಿಯಾದರೂ, ಕಾಲೇಜಿನ ವಿದ್ಯಾರ್ಥಿಯಾದರೂ ಇದನ್ನು ತಾವಾಗಿಯೇ ಮಾಡಿಕೊಳ್ಳಬಹುದು. ಒಂದು ಮಾತನ್ನು ಮಾತ್ರ ಆರಂಭದಲ್ಲಿಯೇ ದೃಢವಾಗಿ ಹೇಳಬೇಕಾಗಿದೆ: ಅಳಿಸುವುದಕ್ಕೆ ಕೆಲವು ನಿಮಿಷಗಳು ಸಾಕು, ಏನನ್ನು ಉಳಿಸಿಕೊಳ್ಳಬೇಕೆಂಬುದನ್ನು ಗೊತ್ತುಮಾಡಿ ಅದನ್ನು ಭದ್ರಪಡಿಸುವುದಕ್ಕೆ ಒಂದೆರಡು ದಿನಗಳಾದರೂ ಬೇಕು. ಈ ಕಾರ್ಯದ ಯಶಸ್ಸೂ ವೈಫಲ್ಯವೂ ಆ ಪೂರ್ವಸಿದ್ಧತೆಯಲ್ಲಿಯೇ ನಿರ್ಧಾರವಾಗಿಬಿಡುತ್ತವೆ.

ಮೊದಲು ಕಾರಣದ ಪರಿಶೀಲನೆ

ಪುನಃಸ್ಥಾಪನೆಯು ತಂತ್ರಾಂಶದ ದೋಷವನ್ನು ಕಳೆಯಬಲ್ಲುದೇ ಹೊರತು ಯಂತ್ರಾಂಶದ ದೋಷವನ್ನಲ್ಲವಾದುದರಿಂದ, ನಿಧಾನಕ್ಕೆ ಕಾರಣ ಇವೆರಡರಲ್ಲಿ ಯಾವುದೆಂದು ಮೊದಲು ತಿಳಿದುಕೊಳ್ಳತಕ್ಕದ್ದು. ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆದು, ಪ್ರೊಸೆಸರು, ಮೆಮೊರಿ, ಡಿಸ್ಕುಗಳು ಶೇಕಡಾ ಎಷ್ಟರಮಟ್ಟಿಗೆ ದುಡಿಯುತ್ತಿವೆಯೆಂಬುದನ್ನು ತೋರಿಸುತ್ತದೆ. ಯಾವ ಕೆಲಸವನ್ನೂ ಕೊಡದಿರುವಾಗಲೂ ಮೆಮೊರಿಯು ೯೦ರ ಆಚೆಗೆ ನಿಂತಿದ್ದರೆ, ೪ ಜಿಬಿ ರ್ಯಾಮ್ ಇಂದಿನ ಬ್ರೌಸರುಗಳಿಗೆ ಸಾಲದೆಂದು ಬಗೆದು ಅದನ್ನು ೮ಕ್ಕೆ ಏರಿಸುವುದು ಉಚಿತ. ಡಿಸ್ಕು ಸದಾ ೧೦೦ರಲ್ಲಿಯೇ ನಿಂತು, ಅದರ ಕೆಳಗೆ ಕಾಣುವ ವೇಗ ಮಾತ್ರ ಅತ್ಯಲ್ಪವಾಗಿದ್ದರೆ, ಅಡಚಣೆ ಡಿಸ್ಕಿನದು.

ಹಳೆಯ ಹಾರ್ಡ್ ಡಿಸ್ಕು ನಿಜವಾಗಿಯೂ ತಿರುಗುವ ತಟ್ಟೆಗಳಿಂದ ಕೂಡಿದ ಯಂತ್ರ. ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ ೫೪೦೦ ಸುತ್ತು ತಿರುಗುವ ಆ ತಟ್ಟೆಯಲ್ಲಿ, ಬೇಕಾದ ದತ್ತಾಂಶವು ಓದುವ ಮುಳ್ಳಿನ ಕೆಳಗೆ ಬರುವುದಕ್ಕೆ ಅರ್ಧ ಸುತ್ತಿನಷ್ಟು, ಎಂದರೆ ಸುಮಾರು ೫.೫ ಮಿಲಿಸೆಕೆಂಡು, ಸರಾಸರಿ ಕಾಯಬೇಕಾಗುತ್ತದೆ. ಮುಳ್ಳು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುವ ಕಾಲ ಇದರ ಮೇಲೆ. ಒಂದು ಕಡತಕ್ಕೆ ಇದು ಗಮನಕ್ಕೆ ಬಾರದಷ್ಟು ಅಲ್ಪವಾದರೂ, ವಿಂಡೋಸ್ ಏಳುವಾಗ ಓದುವ ಸಾವಿರಾರು ಸಣ್ಣ ಕಡತಗಳಿಗೆ ಇದೇ ಕಾಲ ಗುಣಿಸಿಕೊಂಡು ನಿಮಿಷಗಳಾಗುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ನಿರೀಕ್ಷೆ ಒಂದು ಮಿಲಿಸೆಕೆಂಡಿಗಿಂತಲೂ ಬಹಳ ಕಡಿಮೆ. ಆದುದರಿಂದ ಯಂತ್ರದಲ್ಲಿ ಇನ್ನೂ ಹಾರ್ಡ್ ಡಿಸ್ಕೇ ಇದ್ದರೆ, ಹೊಸ ವ್ಯವಸ್ಥೆಯನ್ನು ಅದರ ಮೇಲೆಯೇ ಹಾಕುವ ಬದಲು, ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲೋ, ಬೇರೆ ಊರಿನವರಾದರೆ ತಮ್ಮ ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲೋ ೨೫೬ ಅಥವಾ ೫೦೦ ಜಿಬಿಯ ಎಸ್‌ಎಸ್‌ಡಿಯೊಂದನ್ನು ಕೊಂಡು ಅದರ ಮೇಲೆ ಹಾಕುವುದು ಅತ್ಯುತ್ತಮ. ಇದರಿಂದ ಇನ್ನೊಂದು ಪ್ರಯೋಜನವೂ ಉಂಟು: ಹಳೆಯ ಡಿಸ್ಕು ಏನನ್ನೂ ಕಳೆದುಕೊಳ್ಳದೆ ಹಾಗೆಯೇ ಉಳಿಯುವುದರಿಂದ, ಮರೆತ ಕಡತವೊಂದು ತಿಂಗಳ ಬಳಿಕ ನೆನಪಾದರೂ ಅದನ್ನು ಹುಡುಕಿ ತೆಗೆಯುವ ದಾರಿ ತೆರೆದಿರುತ್ತದೆ.

ಡಿಸ್ಕಿನ ಆರೋಗ್ಯವನ್ನೂ ನೋಡಿಕೊಳ್ಳಬೇಕು. ಪ್ರತಿಯೊಂದು ಡಿಸ್ಕೂ ತನ್ನ ದೋಷಗಳ ಲೆಕ್ಕವನ್ನು ‘ಸ್ಮಾರ್ಟ್’ ಎಂಬ ವ್ಯವಸ್ಥೆಯಲ್ಲಿ ತಾನೇ ಬರೆದಿಟ್ಟುಕೊಳ್ಳುತ್ತದೆ. ‘ಕ್ರಿಸ್ಟಲ್ ಡಿಸ್ಕ್ ಇನ್ಫೊ’ ಎಂಬ ಉಚಿತ ತಂತ್ರಾಂಶವು ಆ ಲೆಕ್ಕವನ್ನೋದಿ ‘ಗುಡ್’ ಎಂದೋ ‘ಕಾಷನ್’ ಎಂದೋ ಹೇಳುತ್ತದೆ. ಎರಡನೆಯ ಮಾತು ಕಂಡಲ್ಲಿ ಮಿಕ್ಕೆಲ್ಲ ಯೋಚನೆಯನ್ನೂ ಬದಿಗಿಟ್ಟು, ಮುಖ್ಯ ಕಡತಗಳನ್ನು ಒಡನೆಯೇ ಬೇರೆಡೆಗೆ ನಕಲು ಮಾಡಿ, ಡಿಸ್ಕನ್ನು ಬದಲಾಯಿಸತಕ್ಕದ್ದು. ಫ್ಯಾನು ಸದ್ದುಮಾಡುತ್ತ ಯಂತ್ರ ಬಿಸಿಯಾಗುತ್ತಿದ್ದರೆ ಒಳಗೆ ಧೂಳು ಕಟ್ಟಿದೆಯೆಂದೂ, ಬಿಸಿಯಿಂದ ತನ್ನನ್ನು ಕಾಪಾಡಿಕೊಳ್ಳಲು ಪ್ರೊಸೆಸರು ತಾನಾಗಿಯೇ ವೇಗವನ್ನು ತಗ್ಗಿಸಿಕೊಂಡಿದೆಯೆಂದೂ ತಿಳಿಯಬಹುದು. ಪ್ರತಿ ಸಲವೂ ದಿನಾಂಕ ತಪ್ಪಿಹೋಗುತ್ತಿದ್ದರೆ ಮದರ್‌ಬೋರ್ಡಿನ ಮೇಲಿರುವ ಸಿಆರ್ ೨೦೩೨ ಎಂಬ ನಾಣ್ಯದಾಕಾರದ ಬ್ಯಾಟರಿಯನ್ನು ಬದಲಾಯಿಸಿದರೆ ಸಾಕು.

ಈ ಯಾವ ದೋಷವೂ ಕಾಣದಿದ್ದಲ್ಲಿ, ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪಟ್ಟಿಯಲ್ಲಿ ಅನಾವಶ್ಯಕವಾದವನ್ನು ನಿಲ್ಲಿಸಿ, ಎರಡು ಆ್ಯಂಟಿವೈರಸ್ಸುಗಳಿದ್ದರೆ ಒಂದನ್ನು ತೆಗೆದು, ಸಿ ಡ್ರೈವಿನಲ್ಲಿ ಹತ್ತರಲ್ಲಿ ಒಂದು ಪಾಲಾದರೂ ತೆರವಾಗಿರುವಂತೆ ಮಾಡಿ ಒಂದು ವಾರ ನೋಡಬಹುದು. ಅಷ್ಟರಿಂದಲೂ ಗುಣ ಕಾಣದಿದ್ದರೆ, ಅಥವಾ ವೈರಸ್ ಸೇರಿರುವ ಶಂಕೆ ಇದ್ದರೆ, ಸಂಪೂರ್ಣ ಪುನಃಸ್ಥಾಪನೆಗೆ ಕೈಹಾಕುವುದು ಯುಕ್ತ.

ಯಾವ ವ್ಯವಸ್ಥೆಯನ್ನು ಹಾಕಬೇಕು?

೨೦೧೫ರ ಜುಲೈನಲ್ಲಿ ಬಂದ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿರುವುದರಿಂದ, ಅದನ್ನೇ ಮತ್ತೆ ಹೊಸದಾಗಿ ಹಾಕಿ ವರ್ಷಗಟ್ಟಲೆ ಬಳಸುವ ಯೋಚನೆ ದೂರದೃಷ್ಟಿಯದಲ್ಲ. ೨೦೨೧ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ೧೧, ೪ ಜಿಬಿ ರ್ಯಾಮ್ ಮತ್ತು ೬೪ ಜಿಬಿ ಸ್ಥಳದ ಜೊತೆಗೆ ಟಿಪಿಎಂ ೨.೦ ಎಂಬ ರಕ್ಷಣಾ ಘಟಕವನ್ನೂ, ಇಂಟೆಲ್ ಪ್ರೊಸೆಸರುಗಳಲ್ಲಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದನ್ನಾಗಲಿ ಅನಂತರದ್ದನ್ನಾಗಲಿ ಅಪೇಕ್ಷಿಸುತ್ತದೆ. ಮೈಕ್ರೋಸಾಫ್ಟಿನ ‘ಪಿಸಿ ಹೆಲ್ತ್ ಚೆಕ್’ ಎಂಬ ಸಾಧನವು ನಿಮ್ಮ ಯಂತ್ರ ಇದಕ್ಕೆ ಅರ್ಹವೋ ಅಲ್ಲವೋ ಎಂಬುದನ್ನು ತಿಳಿಸುತ್ತದೆ. ಹಲವು ಯಂತ್ರಗಳಲ್ಲಿ ಟಿಪಿಎಂ ಇದ್ದೂ, ಯಂತ್ರ ಏಳುವ ಮೊದಲಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಮುಚ್ಚಿಟ್ಟಿರುವುದುಂಟಾದುದರಿಂದ, ‘ಇಲ್ಲ’ ಎಂಬ ಉತ್ತರ ಬಂದೊಡನೆ ನಿರಾಶರಾಗದೆ ಅಲ್ಲಿಯೂ ಒಮ್ಮೆ ನೋಡತಕ್ಕದ್ದು.

ಅರ್ಹವಲ್ಲದ ಯಂತ್ರಗಳಿಗೆ ಲಿನಕ್ಸ್ ಇದೆ. ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ತಿರುಳಿನ ಮೇಲೆ ಕಟ್ಟಿದ ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ವ್ಯವಸ್ಥೆಗಳು ಉಚಿತವಾಗಿ ದೊರೆಯುತ್ತವೆ. ವಿಂಡೋಸಿಗೆ ಒಗ್ಗಿದ ಕೈಗೆ ಲಿನಕ್ಸ್ ಮಿಂಟ್ ಬೇಗ ಒಗ್ಗುತ್ತದೆ. ಅದರ ಮೂರು ರೂಪಗಳಲ್ಲಿ ಎಕ್ಸ್‌ಎಫ್‌ಸಿಇ ಎಂಬುದು ಹಗುರವಾದುದು, ಹಳೆಯ ಯಂತ್ರಕ್ಕೆ ಹೇಳಿಮಾಡಿಸಿದಂಥದು. ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವಿನಿಂದಲೇ ನಡೆಸಿ, ವೈಫೈ, ಧ್ವನಿ, ಪ್ರಿಂಟರುಗಳು ಸರಿಯಾಗಿ ಕೆಲಸಮಾಡುವುವೇ ಎಂದು ನೋಡಿಕೊಂಡು, ಒಪ್ಪಿಗೆಯಾದರೆ ಮಾತ್ರ ಸ್ಥಾಪಿಸುವ ಸೌಕರ್ಯ ಅದರಲ್ಲಿರುವುದು ವಿಶೇಷ. ಟ್ಯಾಲಿಯಂಥ ಲೆಕ್ಕಪತ್ರದ ತಂತ್ರಾಂಶವನ್ನೂ, ವಿಂಡೋಸಿಗಾಗಿಯೇ ಬರೆದ ಡಿಜಿಟಲ್ ಸಹಿಯ ಟೋಕನ್ನನ್ನೂ ದಿನನಿತ್ಯ ಬಳಸುವವರು ಮಾತ್ರ ವಿಂಡೋಸಿನಲ್ಲಿಯೇ ಉಳಿಯುವುದು ಕ್ಷೇಮ.

ಬೀದಿಯ ಕೊನೆಯ ಅಂಗಡಿಯಲ್ಲಿ ಅಲ್ಪ ಹಣಕ್ಕೆ ಹಾಕಿಕೊಡುವ ಕಳ್ಳಪ್ರತಿಯ ವಿಂಡೋಸನ್ನು ಒಪ್ಪಿಕೊಳ್ಳಬಾರದು. ಪರವಾನಗಿಯನ್ನು ವಂಚಿಸುವುದಕ್ಕೆಂದು ಅದರಲ್ಲಿ ಸೇರಿಸುವ ಸಣ್ಣ ತಂತ್ರಾಂಶವು ಅನೇಕವೇಳೆ ಆ್ಯಂಟಿವೈರಸ್ಸನ್ನು ಮುಚ್ಚಿದ ಮೇಲೆಯೇ ಕೆಲಸಮಾಡುವಂಥದು. ಅದರ ಜೊತೆಗೆ ಮತ್ತೇನು ಒಳಹೊಕ್ಕಿತೆಂಬುದು ಹಾಕಿದವನಿಗೂ ತಿಳಿದಿರುವುದಿಲ್ಲ. ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರದಲ್ಲಿ ಇದು ಸಲ್ಲದ ಸಾಹಸ.

ಉಳಿಸಿಕೊಳ್ಳಬೇಕಾದ ಸಂಪತ್ತು

ಬ್ಯಾಕಪ್ ಎಂದರೆ ಮೂಲವಿದ್ದೂ ಇರುವ ಇನ್ನೊಂದು ಪ್ರತಿ. ಮೂಲವನ್ನು ಅಳಿಸಿದ ಕ್ಷಣದಲ್ಲಿ ಆ ಪ್ರತಿಯೇ ಏಕಮಾತ್ರ ಪ್ರತಿಯಾಗಿ ನಿಲ್ಲುವುದರಿಂದ, ಒಂದೇ ಪ್ರತಿಯನ್ನು ನೆಚ್ಚಿ ಅಳಿಸಹೊರಡುವವನು ಆ ಕ್ಷಣದ ಮಟ್ಟಿಗೆ ಬ್ಯಾಕಪ್ಪೇ ಇಲ್ಲದವನಾಗುತ್ತಾನೆ. ಆದುದರಿಂದ ಅಳಿಸುವ ಮುನ್ನ ಎರಡು ಪ್ರತಿಗಳಿರಬೇಕು: ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೊಂದು ಡಿಸ್ಕಿನಲ್ಲೋ, ಮನೆಯ ಮತ್ತೊಂದು ಗಣಕದಲ್ಲೋ, ಗೂಗಲ್ ಡ್ರೈವಿನಂಥ ಅಂತರ್ಜಾಲದ ಸಂಗ್ರಹದಲ್ಲೋ. ಅದೇ ಡಿಸ್ಕಿನ ಡಿ ಡ್ರೈವಿಗೆ ನಕಲು ಮಾಡಿ ನಿಶ್ಚಿಂತರಾಗುವುದು ಅನೇಕರ ವಾಡಿಕೆ. ಸಿ, ಡಿ ಎಂಬವು ಒಂದೇ ಡಿಸ್ಕಿನ ಎರಡು ವಿಭಾಗಗಳಾಗಿರುವುದು ಸಾಮಾನ್ಯವಾದುದರಿಂದ, ಇಡೀ ಡಿಸ್ಕನ್ನು ಅಳಿಸುವಾಗ ಎರಡೂ ಒಟ್ಟಿಗೆ ಹೋಗುತ್ತವೆ.

ಏನನ್ನು ನಕಲು ಮಾಡಬೇಕು? ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಂಬ ಫೋಲ್ಡರುಗಳು ಎಲ್ಲರ ನೆನಪಿಗೂ ಬರುತ್ತವೆ. ಮದುವೆ ಮುಂಜಿಗಳ ಚಿತ್ರಗಳು, ಸ್ಕ್ಯಾನ್ ಮಾಡಿಟ್ಟ ಪಹಣಿ ಮತ್ತು ಕ್ರಯಪತ್ರಗಳು, ಮಕ್ಕಳ ಅಂಕಪಟ್ಟಿಗಳು, ಆದಾಯ ತೆರಿಗೆಯ ಹಳೆಯ ದಾಖಲೆಗಳು ಬಹುಮಟ್ಟಿಗೆ ಇಲ್ಲಿಯೇ ಇರುವುವು. ಮರೆತುಹೋಗುವಂಥವು ಬೇರೆ: ಬ್ರೌಸರಿನಲ್ಲಿ ಕೂಡಿಟ್ಟ ಬುಕ್‌ಮಾರ್ಕುಗಳು ಮತ್ತು ಗುಪ್ತಪದಗಳು, ಔಟ್‌ಲುಕ್ಕಿನ ಪಿಎಸ್‌ಟಿ ಕಡತ ಅಥವಾ ಥಂಡರ್‌ಬರ್ಡಿನ ಪ್ರೊಫೈಲ್ ಫೋಲ್ಡರು, ಸಿ ಡ್ರೈವಿನ ಮೂಲದಲ್ಲಿಯೇ ಯಾರೋ ಎಂದೋ ಮಾಡಿದ ಹೆಸರಿಲ್ಲದ ಫೋಲ್ಡರುಗಳು, ಮನೆಯ ಬೇರೆ ಸದಸ್ಯರ ಖಾತೆಗಳಲ್ಲಿ ಅಡಗಿರುವ ಕಡತಗಳು. ಆದಕಾರಣ ಸಿ ಡ್ರೈವಿನ ‘ಯೂಸರ್ಸ್’ ಫೋಲ್ಡರನ್ನು, ‘ಹಿಡನ್ ಐಟಮ್ಸ್’ ಕಾಣುವಂತೆ ಮಾಡಿಕೊಂಡು, ಇಡಿಯಾಗಿಯೇ ನಕಲು ಮಾಡುವುದು ಜಾಣತನ. ಬೇಡದ್ದನ್ನು ಅನಂತರ ಬಿಡಬಹುದು, ಬಿಟ್ಟದ್ದನ್ನು ಅನಂತರ ಪಡೆಯಲಾಗದು. ಒನ್‌ಡ್ರೈವ್ ಬಳಸುವವರು, ಮೋಡದ ಚಿಹ್ನೆಯುಳ್ಳ ಕಡತಗಳು ಯಂತ್ರದಲ್ಲಿಲ್ಲದೆ ಅಂತರ್ಜಾಲದಲ್ಲಿ ಮಾತ್ರ ಇರುವುವೆಂಬುದನ್ನೂ ನೆನಪಿಡಬೇಕು.

ನಕಲು ಮುಗಿದ ಮೇಲೆ ಮೂಲ ಫೋಲ್ಡರಿನ ಮತ್ತು ಪ್ರತಿಯ ಗಾತ್ರವನ್ನೂ ಕಡತಗಳ ಸಂಖ್ಯೆಯನ್ನೂ ‘ಪ್ರಾಪರ್ಟೀಸ್’ನಲ್ಲಿ ಹೋಲಿಸಿ, ಆ ಡಿಸ್ಕನ್ನು ಬೇರೊಂದು ಗಣಕಕ್ಕೆ ಜೋಡಿಸಿ, ಅಲ್ಲೊಂದು ಇಲ್ಲೊಂದು ಚಿತ್ರವನ್ನೂ ಪತ್ರವನ್ನೂ ತೆರೆದು ನೋಡತಕ್ಕದ್ದು. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ಪೆಂದು ಎಣಿಸಬಾರದು.

ಕನ್ನಡದ ಕಡತಗಳಿಗೆ ವಿಶೇಷ ಎಚ್ಚರ

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಪ್ರತ್ಯೇಕವಾದ ಅಪಾಯವೊಂದುಂಟು. ಪ್ರತಿಯೊಂದು ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುನ್ನ, ಹಾಗೂ ಮುದ್ರಣಾಲಯಗಳಲ್ಲಿ ಅದಕ್ಕೆ ಬಹುಕಾಲ ಅನಂತರವೂ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ೧೯೯೮ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳಲ್ಲಿ ಸಿದ್ಧಪಡಿಸಿದ ಕಡತಗಳು ಒಳಗೆ ಕನ್ನಡದ ಅಕ್ಷರಗಳನ್ನು ಹೊಂದಿರುವುದೇ ಇಲ್ಲ. ರೋಮನ್ ಅಕ್ಷರಗಳಿಗೆಂದು ನಿಗದಿಯಾದ ಸಂಕೇತಸಂಖ್ಯೆಗಳ ಮೇಲೆ ಕನ್ನಡದ ಅಕ್ಷರಭಾಗಗಳ ಚಿತ್ರವನ್ನು ಕೂರಿಸಿದ ಫಾಂಟು ಇರುವವರೆಗೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಡಿಸ್ಕನ್ನು ಅಳಿಸಿ ಆ ಫಾಂಟು ಹೋದ ದಿನ, ಕಡತವು ಕ್ಷೇಮವಾಗಿದ್ದೂ, ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ತುಂಬಿದ ಪುಟ ಮಾತ್ರ ಕಾಣುತ್ತದೆ. ಇದನ್ನು ಕಂಡು ಕಡತವೇ ಕೆಟ್ಟಿತೆಂದು ತಿಳಿದು ಹಳೆಯ ಲೇಖನಗಳನ್ನೂ ಸಂಘದ ವರದಿಗಳನ್ನೂ ಎಸೆದುಬಿಡುವ ಸಂಭವವಿದೆ.

ಆದುದರಿಂದ ಅಳಿಸುವ ಮುನ್ನ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿರುವ ‘ಫಾಂಟ್ಸ್’ ಫೋಲ್ಡರಿನಿಂದ ಇಂಥ ಫಾಂಟುಗಳನ್ನೆಲ್ಲ ಆರಿಸಿ ಪ್ರತ್ಯೇಕವಾಗಿ ನಕಲು ಮಾಡಿಕೊಳ್ಳತಕ್ಕದ್ದು. ಇನ್ನೂ ಒಳ್ಳೆಯದೆಂದರೆ, ನುಡಿ ಮತ್ತು ಬರಹಗಳ ಜೊತೆಗೇ ದೊರೆಯುವ ಪರಿವರ್ತಕಗಳ ಸಹಾಯದಿಂದ ಹಳೆಯ ಬರಹಗಳನ್ನು ಈಗಲೇ ಯೂನಿಕೋಡಿಗೆ ತಿರುಗಿಸಿ, ಒತ್ತಕ್ಷರಗಳೂ ಅರ್ಕಾವತ್ತೂ ಸರಿಯಾಗಿ ಬಂದಿವೆಯೇ ಎಂದು ಒಮ್ಮೆ ಓದಿ ನೋಡಿ, ಮೂಲವನ್ನೂ ಪರಿವರ್ತಿತ ರೂಪವನ್ನೂ ಒಟ್ಟಿಗೆ ಇಡುವುದು.

ಹೊಸ ವ್ಯವಸ್ಥೆಯಲ್ಲಿ ಕನ್ನಡ ಓದುವುದಕ್ಕೆ ಬೇರೇನೂ ಹಾಕಬೇಕಾಗಿಲ್ಲ. ವಿಂಡೋಸಿನಲ್ಲಿ ನಿರ್ಮಲಾ ಯುಐ ಎಂಬ ಫಾಂಟು ಮೊದಲೇ ಇರುತ್ತದೆ. ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಬಳಕೆಯಲ್ಲಿದ್ದ ತುಂಗಾ ಫಾಂಟು ಮಾತ್ರ ಈಗ ಐಚ್ಛಿಕ ಸೌಲಭ್ಯವಾಗಿರುವುದರಿಂದ, ಅದರಲ್ಲಿ ವಿನ್ಯಾಸಗೊಳಿಸಿದ ಕಡತಗಳಿರುವವರು ಸೆಟ್ಟಿಂಗ್ಸಿನ ‘ಆಪ್ಷನಲ್ ಫೀಚರ್ಸ್’ನಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂಬುದನ್ನು ಸೇರಿಸಿಕೊಳ್ಳಬೇಕು. ಕನ್ನಡ ಕೀಲಿಮಣೆಯನ್ನು ‘ಟೈಮ್ ಅಂಡ್ ಲ್ಯಾಂಗ್ವೇಜ್’ ವಿಭಾಗದಲ್ಲಿ ಸೇರಿಸಿಕೊಳ್ಳಬಹುದು. ಲಿನಕ್ಸಿನಲ್ಲಿ ಐಬಸ್ ಎಂಬ ವ್ಯವಸ್ಥೆಯ ಮೂಲಕ ನುಡಿಯ ಕೆಜಿಪಿ ವಿನ್ಯಾಸವೂ ದೊರೆಯುವುದರಿಂದ ಅಭ್ಯಾಸವಾದ ಬೆರಳುಗಳಿಗೆ ತೊಂದರೆಯಾಗದು.

ಕೀಲಿಗಳೂ ಪರವಾನಗಿಗಳೂ

ಹಣ ಕೊಟ್ಟು ಕೊಂಡ ತಂತ್ರಾಂಶಗಳ ಪಟ್ಟಿಯನ್ನೂ ಅವುಗಳ ಕೀಲಿಗಳನ್ನೂ ಕಾಗದದ ಮೇಲೆ ಬರೆದುಕೊಳ್ಳತಕ್ಕದ್ದು. ಟ್ಯಾಲಿಯ ಪರವಾನಗಿಯು ಆಯಾ ಯಂತ್ರಕ್ಕೆ ಕಟ್ಟಿದ್ದಾಗಿರುವುದರಿಂದ, ದತ್ತಾಂಶದ ಬ್ಯಾಕಪ್ ತೆಗೆದ ಮೇಲೆ, ಅಳಿಸುವ ಮುನ್ನವೇ, ಅದರೊಳಗಿನ ‘ಸರೆಂಡರ್’ ಎಂಬ ಕ್ರಮದಿಂದ ಪರವಾನಗಿಯನ್ನು ಹಿಂದಿರುಗಿಸಿ, ಹೊಸ ವ್ಯವಸ್ಥೆಯಲ್ಲಿ ಮತ್ತೆ ಪಡೆದುಕೊಳ್ಳಬೇಕು. ವಿಂಡೋಸಿನ ವಿಷಯದಲ್ಲಿ ಇಷ್ಟು ಚಿಂತೆಯಿಲ್ಲ. ಯಂತ್ರದೊಡನೆ ಬಂದ ವಿಂಡೋಸಿನ ಪರವಾನಗಿಯು ಮದರ್‌ಬೋರ್ಡಿಗೆ ಸಂಬಂಧಿಸಿದುದಾದುದರಿಂದ, ಸ್ಥಾಪನೆಯ ವೇಳೆ ೨೫ ಅಕ್ಷರಗಳ ಕೀಲಿಯನ್ನು ಕೇಳಿದರೆ ‘ನನ್ನಲ್ಲಿ ಕೀಲಿಯಿಲ್ಲ’ ಎಂಬರ್ಥದ ಸಾಲನ್ನು ಒತ್ತಿ, ಮೊದಲಿದ್ದ ಹೋಮ್ ಅಥವಾ ಪ್ರೊ ಆವೃತ್ತಿಯನ್ನೇ ಆರಿಸಿದರೆ, ಅಂತರ್ಜಾಲದ ಸಂಪರ್ಕ ದೊರೆತೊಡನೆ ಅದು ತಾನಾಗಿಯೇ ಚಾಲೂ ಆಗುತ್ತದೆ.

ಬಿಟ್‌ಲಾಕರ್ ಎಂಬ ಗೂಢಲಿಪಿ ರಕ್ಷಣೆಯ ಸಂಗತಿ ಇದಕ್ಕಿಂತ ಗಂಭೀರ. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಒಡೆಯನಿಗೆ ತಿಳಿಯದೆಯೇ ಅದು ಜಾರಿಯಲ್ಲಿರುವುದುಂಟು. ಬಯಾಸ್‌ನಲ್ಲಿ ಏನನ್ನಾದರೂ ಬದಲಿಸಿದಾಗ ಯಂತ್ರವು ೪೮ ಅಂಕಿಗಳ ಕೀಲಿಯನ್ನು ಕೇಳಿ ಅಲ್ಲಿಯೇ ನಿಲ್ಲಬಹುದು. ಆ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಖಾತೆಯನ್ನು ತೆರೆದು ಅದನ್ನು ಮೊದಲೇ ಬರೆದಿಟ್ಟುಕೊಳ್ಳುವವರೆಗೆ ಮುಂದುವರಿಯಬಾರದು.

ಸ್ಥಾಪನೆಯ ಪೆನ್ ಡ್ರೈವು

ಕನಿಷ್ಠ ೮ ಜಿಬಿಯ ಪೆನ್ ಡ್ರೈವೊಂದನ್ನು ತೆಗೆದುಕೊಳ್ಳಿ. ಅದರಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಖಾಲಿಯಾದುದೇ ಆಗಿರಲಿ. ವಿಂಡೋಸಿಗಾದರೆ ಮೈಕ್ರೋಸಾಫ್ಟಿನ ಸ್ವಂತ ತಾಣದಿಂದಲೇ ‘ಮೀಡಿಯಾ ಕ್ರಿಯೇಷನ್ ಟೂಲ್’ ಎಂಬ ಸಾಧನವನ್ನು ಇಳಿಸಿಕೊಂಡು ಅದು ಹೇಳಿದಂತೆ ನಡೆದರೆ ಸಾಕು. ಲಿನಕ್ಸಿಗಾದರೆ ಐಎಸ್‌ಒ ಕಡತವನ್ನು ಇಳಿಸಿ, ರೂಫಸ್ ಅಥವಾ ಬಲೇನಾ ಎಚರ್ ಎಂಬ ಸಾಧನದಿಂದ ಪೆನ್ ಡ್ರೈವಿಗೆ ಬರೆಯಬೇಕು. ಕಡತವನ್ನು ಹಾಗೆಯೇ ಎಳೆದು ಹಾಕಿದರೆ ಯಂತ್ರ ಅದರಿಂದ ಏಳುವುದಿಲ್ಲ. ಲ್ಯಾಪ್‌ಟಾಪು ತಯಾರಿಸಿದ ಸಂಸ್ಥೆಯ ತಾಣದಲ್ಲಿ ನಿಮ್ಮ ಮಾದರಿಯ ಹೆಸರಿನಡಿಯಲ್ಲಿ ದೊರೆಯುವ ವೈಫೈ ಡ್ರೈವರನ್ನೂ (ಆ ಭಾಗವನ್ನು ನಡೆಸುವ ತಂತ್ರಾಂಶ), ಇಂಟೆಲ್ ಯಂತ್ರವಾದರೆ ಸ್ಟೋರೇಜ್ ಡ್ರೈವರನ್ನೂ ಇನ್ನೊಂದು ಪೆನ್ ಡ್ರೈವಿನಲ್ಲಿ ಇಟ್ಟುಕೊಂಡಿರುವುದು ಲೇಸು. ಹನ್ನೊಂದನೆಯ ಪೀಳಿಗೆಯ ಮತ್ತು ಅನಂತರದ ಕೆಲವು ಇಂಟೆಲ್ ಯಂತ್ರಗಳಲ್ಲಿ ಆ ಸ್ಟೋರೇಜ್ ಡ್ರೈವರನ್ನು ಕೊಡುವತನಕ ವಿಂಡೋಸ್ ಸ್ಥಾಪಕಕ್ಕೆ ಡಿಸ್ಕೇ ಕಾಣಿಸುವುದಿಲ್ಲ. ಹಾಗೆ ಕಾಣದಾದಾಗ ಡಿಸ್ಕು ಕೆಟ್ಟಿತೆಂದು ಗಾಬರಿಗೊಳ್ಳಬೇಕಾಗಿಲ್ಲ.

ಯಂತ್ರ ಸರಿಯಾಗಿ ಏಳುತ್ತಿದ್ದು ವೈರಸ್ಸಿನ ಶಂಕೆಯೂ ಇಲ್ಲದವರಿಗೆ ಪೆನ್ ಡ್ರೈವಿಲ್ಲದ ಸುಲಭಮಾರ್ಗವೂ ಇದೆ: ಸೆಟ್ಟಿಂಗ್ಸಿನ ‘ರಿಕವರಿ’ ಪುಟದಲ್ಲಿರುವ ‘ರಿಸೆಟ್ ದಿಸ್ ಪಿಸಿ’. ಇದರಲ್ಲಿ ‘ಕೀಪ್ ಮೈ ಫೈಲ್ಸ್’ ಎಂಬುದು ವೈಯಕ್ತಿಕ ಕಡತಗಳನ್ನುಳಿಸಿ ತಂತ್ರಾಂಶಗಳನ್ನು ತೆಗೆಯುತ್ತದೆ. ‘ರಿಮೂವ್ ಎವ್ರಿಥಿಂಗ್’ ಎಂಬುದು ಎಲ್ಲವನ್ನೂ ತೆಗೆಯುತ್ತದೆ. ಮೊದಲನೆಯದನ್ನು ಆರಿಸುವವರಿಗೂ ಮೇಲೆ ಹೇಳಿದ ಬ್ಯಾಕಪ್ಪಿನ ನಿಯಮಗಳು ಒಂದಿಷ್ಟೂ ಸಡಿಲವಾಗುವುದಿಲ್ಲ.

ಅಳಿಸುವಿಕೆ ಮತ್ತು ಸ್ಥಾಪನೆ

ಕರೆಂಟು ಹೋಗುವ ಸಂಭವವಿಲ್ಲದ ಹೊತ್ತನ್ನು ಆರಿಸಿಕೊಂಡು, ಲ್ಯಾಪ್‌ಟಾಪಾದರೆ ಚಾರ್ಜರನ್ನು ಜೋಡಿಸಿ, ಡೆಸ್ಕ್‌ಟಾಪಾದರೆ ಯುಪಿಎಸ್ ಆಸರೆಯಲ್ಲಿಟ್ಟು ಕೆಲಸವನ್ನಾರಂಭಿಸತಕ್ಕದ್ದು. ಎಲ್ಲಕ್ಕಿಂತ ಮೊದಲು ಬ್ಯಾಕಪ್ ಇರುವ ಎಕ್ಸ್‌ಟರ್ನಲ್ ಡಿಸ್ಕನ್ನು ಕಳಚಿ ಬೇರೆ ಕೋಣೆಯಲ್ಲಿಡಿ. ಸ್ಥಾಪಕದ ಪಟ್ಟಿಯಲ್ಲಿ ಡಿಸ್ಕುಗಳು ‘ಡಿಸ್ಕ್ ೦’, ‘ಡಿಸ್ಕ್ ೧’ ಎಂಬ ಸಂಖ್ಯೆಗಳಿಂದಲೂ ಗಾತ್ರದಿಂದಲೂ ಮಾತ್ರ ಗುರುತು ಸಿಗುವುದರಿಂದ, ಜೋಡಿಸಿಯೇ ಬಿಟ್ಟ ಬ್ಯಾಕಪ್ ಡಿಸ್ಕನ್ನು ತಪ್ಪಾಗಿ ಅಳಿಸುವುದು ಈ ಕೆಲಸದಲ್ಲಿ ಸಂಭವಿಸಬಹುದಾದ ಅತಿ ದೊಡ್ಡ ಅನಾಹುತ.

ಪೆನ್ ಡ್ರೈವನ್ನು ಜೋಡಿಸಿ ಯಂತ್ರವನ್ನು ಮತ್ತೆ ಆರಂಭಿಸುವಾಗ, ತಯಾರಕರ ಹೆಸರು ಕಾಣುವ ಹೊತ್ತಿಗೆ ಬೂಟ್ ಕೀಲಿಯನ್ನು ಒತ್ತುತ್ತಿರಬೇಕು: ಡೆಲ್, ಲೆನೊವೊ, ಏಸರ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್ ೧೨, ಎಚ್‌ಪಿಯಲ್ಲಿ ಎಫ್ ೯, ಏಸಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್. ಏಸರಿನ ಕೆಲವು ಮಾದರಿಗಳಲ್ಲಿ ಈ ಕೀಲಿಯನ್ನು ಮೊದಲು ಬಯಾಸ್‌ನಲ್ಲಿ ಸಕ್ರಿಯಗೊಳಿಸಬೇಕಾಗುತ್ತದೆ. ಬರುವ ಪಟ್ಟಿಯಲ್ಲಿ ಪೆನ್ ಡ್ರೈವಿನ ಹೆಸರನ್ನು, ಎರಡು ರೂಪಗಳಲ್ಲಿ ಕಂಡರೆ ‘ಯುಇಎಫ್ಐ’ ಎಂದಿರುವುದನ್ನು, ಆರಿಸಿಕೊಳ್ಳಿ.

ಭಾಷೆ, ಕೀಲಿಮಣೆಗಳ ಪ್ರಶ್ನೆಗಳಾದ ಬಳಿಕ, ವಿಂಡೋಸನ್ನು ಎಲ್ಲಿ ಹಾಕಬೇಕೆಂಬ ಪುಟ ಬರುತ್ತದೆ. ಅಲ್ಲಿ ನಿಮ್ಮ ಡಿಸ್ಕಿನ ಗಾತ್ರವನ್ನು ನೋಡಿ ಅದು ಅದೇ ಎಂದು ಖಚಿತಪಡಿಸಿಕೊಂಡು, ಅದರ ವಿಭಾಗಗಳನ್ನು ಒಂದೊಂದಾಗಿ ‘ಡಿಲೀಟ್’ ಮಾಡಿದರೆ, ಕೊನೆಗೆ ‘ಅನ್ಅಲೊಕೇಟೆಡ್ ಸ್ಪೇಸ್’ ಎಂಬ ಒಂದೇ ಸಾಲು ಉಳಿಯುತ್ತದೆ. ಹಿಂದಿರುಗಲಾಗದ ಹೆಜ್ಜೆ ಇದೊಂದೇ. ಆ ಗುಂಡಿಯನ್ನು ಒತ್ತುವ ಮುನ್ನ ಬ್ಯಾಕಪ್ಪಿನ ಎರಡು ಪ್ರತಿಗಳನ್ನೂ ಮನಸ್ಸಿನಲ್ಲಿ ಮತ್ತೊಮ್ಮೆ ಎಣಿಸಿಕೊಳ್ಳಿ. ಉಳಿದ ಆ ಸಾಲನ್ನು ಆರಿಸಿ ಮುಂದುವರಿದರೆ, ಬೇಕಾದ ವಿಭಾಗಗಳನ್ನು ಸ್ಥಾಪಕವೇ ಮಾಡಿಕೊಳ್ಳುತ್ತದೆ. ಲಿನಕ್ಸ್ ಮಿಂಟಿನಲ್ಲಿ ಇದೇ ಹೆಜ್ಜೆಗೆ ‘ಇರೇಸ್ ಡಿಸ್ಕ್ ಅಂಡ್ ಇನ್‌ಸ್ಟಾಲ್’ ಎಂಬ ಹೆಸರಿದೆ. ಯಂತ್ರವು ನಡುನಡುವೆ ತಾನಾಗಿ ಆರಿ ಏಳುತ್ತದೆ. ಆಗ ಬೂಟ್ ಕೀಲಿಯನ್ನು ಮತ್ತೆ ಒತ್ತಬಾರದು, ಒತ್ತಿದರೆ ಸ್ಥಾಪನೆ ಮೊದಲಿನಿಂದ ಆರಂಭವಾಗುತ್ತದೆ.

ಸ್ಥಾಪನೆಯ ಬಳಿಕ

ಹೊಸ ವ್ಯವಸ್ಥೆ ಎದ್ದು ನಿಂತ ಮೇಲೆ ಕ್ರಮ ತಪ್ಪದೆ ನಡೆಯುವುದು ಮುಖ್ಯ. ಮೊದಲು ಅಂತರ್ಜಾಲದ ಸಂಪರ್ಕ: ವೈಫೈ ಕಾಣದಿದ್ದರೆ ಸಿದ್ಧವಾಗಿಟ್ಟ ಡ್ರೈವರನ್ನು ಹಾಕಬಹುದು, ಅಥವಾ ಮೊಬೈಲನ್ನು ತಂತಿಯಿಂದ ಜೋಡಿಸಿ ‘ಯುಎಸ್‌ಬಿ ಟೆಥರಿಂಗ್’ ಮೂಲಕ ಅಂತರ್ಜಾಲವನ್ನು ತರಬಹುದು. ಎರಡನೆಯದು ಅಪ್‌ಡೇಟುಗಳು: ‘ಇನ್ನೇನೂ ಇಲ್ಲ’ ಎಂದು ಯಂತ್ರ ಹೇಳುವವರೆಗೆ, ನಡುವೆ ಆರಿಸಿ ಏಳಿಸುತ್ತ, ಅವನ್ನು ಹಾಕುತ್ತಲೇ ಇರಬೇಕು. ಅನೇಕ ಡ್ರೈವರುಗಳು ಇದರೊಡನೆಯೇ ಬರುತ್ತವೆ. ಮೂರನೆಯದಾಗಿ ಬ್ರೌಸರು, ಪ್ರಿಂಟರು, ಕಚೇರಿಯ ತಂತ್ರಾಂಶ. ಕೊನೆಯದಾಗಿ ಬ್ಯಾಕಪ್ ಡಿಸ್ಕನ್ನು ಜೋಡಿಸಿ, ವೈರಸ್ ಪರೀಕ್ಷೆ ಮಾಡಿ, ಕಡತಗಳನ್ನು ಹಿಂದಕ್ಕೆ ತರುವುದು.

ಹಳೆಯ ಯಂತ್ರದಲ್ಲಿದ್ದ ತಂತ್ರಾಂಶಗಳನ್ನೆಲ್ಲ ಆ ದಿನವೇ ಮತ್ತೆ ತುಂಬಿಸಿಬಿಟ್ಟರೆ ಮಾಡಿದ ಶ್ರಮವೆಲ್ಲ ವ್ಯರ್ಥ. ಒಂದೊಂದರ ಅಗತ್ಯ ನಿಜವಾಗಿ ಬಂದಾಗ ಒಂದೊಂದನ್ನು, ಅದನ್ನು ರಚಿಸಿದವರ ತಾಣದಿಂದಲೇ ತಂದು ಹಾಕುವ ನಿಯಮವನ್ನಿಟ್ಟುಕೊಂಡರೆ, ಹಳೆಯ ಪಟ್ಟಿಯಲ್ಲಿ ಎಷ್ಟೋ ತಂತ್ರಾಂಶಗಳ ಅಗತ್ಯವೇ ಬಾರದೆಂಬುದು ಕೆಲವೇ ತಿಂಗಳುಗಳಲ್ಲಿ ಕಂಡುಬರುತ್ತದೆ. ವಿಂಡೋಸಿನೊಡನೆಯೇ ಬರುವ ಡಿಫೆಂಡರ್ ಸಾಮಾನ್ಯ ಮನೆಯ ಬಳಕೆಗೆ ಸಾಕು. ಮಕ್ಕಳಿಗೆ ಆಡಳಿತಾಧಿಕಾರವಿಲ್ಲದ ‘ಸ್ಟ್ಯಾಂಡರ್ಡ್’ ಖಾತೆಯನ್ನು ಪ್ರತ್ಯೇಕವಾಗಿ ಮಾಡಿಕೊಟ್ಟರೆ, ಆಟಗಳೊಡನೆ ಅನಪೇಕ್ಷಿತವಾದುದು ಒಳನುಸುಳುವ ಸಾಧ್ಯತೆ ಬಹಳ ಮಟ್ಟಿಗೆ ತಗ್ಗುತ್ತದೆ. ಎಲ್ಲವೂ ಸ್ವಚ್ಛವಾಗಿ ನಡೆಯುತ್ತಿರುವ ಈ ಸ್ಥಿತಿಯಲ್ಲಿಯೇ, ಕ್ಲೋನೆಝಿಲ್ಲಾ ಎಂಬ ಉಚಿತ ಸಾಧನದಿಂದ ಇಡೀ ಡಿಸ್ಕಿನ ಪ್ರತಿಬಿಂಬವನ್ನು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ತೆಗೆದಿಟ್ಟರೆ, ಮುಂದೊಂದು ದಿನ ಇದೇ ಕಾರ್ಯ ಬಂದಾಗ ಅರ್ಧದಷ್ಟು ಕೆಲಸ ಮೊದಲೇ ಮುಗಿದಿರುತ್ತದೆ.

ಯಂತ್ರವನ್ನು ಪರರಿಗೆ ಕೊಡುವುದಾದರೆ

ಮಾರುವುದಕ್ಕೋ ದಾನ ಮಾಡುವುದಕ್ಕೋ ಅಳಿಸುವುದಾದರೆ ಮೇಲಿನ ಅಳಿಸುವಿಕೆ ಸಾಲದು. ಗ್ರಂಥಭಂಡಾರದ ಸೂಚೀಪತ್ರವನ್ನು ಹರಿದುಹಾಕಿದ ಮಾತ್ರಕ್ಕೆ ಕಪಾಟಿನ ಗ್ರಂಥಗಳು ಹೇಗೆ ಇಲ್ಲವಾಗುವುದಿಲ್ಲವೋ ಹಾಗೆ, ವಿಭಾಗಗಳನ್ನು ತೆಗೆದು ತ್ವರಿತ ಫಾರ್ಮ್ಯಾಟ್ ಮಾಡಿದಾಗ ಕಡತಗಳ ಸೂಚಿ ಹೋಗುವುದೇ ಹೊರತು ಕಡತಗಳಲ್ಲ. ತಿಳಿದವರು ಅವನ್ನು ಮತ್ತೆ ಹೊರತೆಗೆಯಬಲ್ಲರು. ಹಾರ್ಡ್ ಡಿಸ್ಕಿನಲ್ಲಾದರೆ ‘ಕ್ವಿಕ್’ ಎಂಬುದರ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಎಲ್ಲೆಡೆಯೂ ಸೊನ್ನೆಗಳನ್ನು ಬರೆಯುತ್ತದೆ. ಹಲವು ಗಂಟೆಗಳು ಹಿಡಿದರೂ ಈ ಒಂದು ಸುತ್ತು ಸಾಕೆಂಬುದು ಅಮೆರಿಕದ ಪ್ರಮಾಣಸಂಸ್ಥೆಯಾದ ನಿಸ್ಟ್ ೨೦೧೪ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಮಾರ್ಗದರ್ಶಿಯ ಅಭಿಪ್ರಾಯ. ಏಳು ಬಾರಿ, ಮೂವತ್ತೈದು ಬಾರಿ ಬರೆಯಬೇಕೆಂಬ ಹಳೆಯ ನಂಬಿಕೆಯನ್ನು ಬಿಡಬಹುದು. ಎಸ್‌ಎಸ್‌ಡಿಯ ಒಳಗಿನ ರಚನೆ ಬೇರೆಯಾದುದರಿಂದ, ಅದಕ್ಕೆ ತಯಾರಕರ ಸಾಧನದಲ್ಲಿಯೋ ಬಯಾಸ್‌ನಲ್ಲಿಯೋ ದೊರೆಯುವ ‘ಸೆಕ್ಯೂರ್ ಇರೇಸ್’ ಕ್ರಮವೇ ಸರಿ. ಕೆಟ್ಟುಹೋದ ಬಿಡಿಭಾಗಗಳನ್ನು ಗುಜರಿಗೆ ಹಾಕದೆ, ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುವುದು ನಾಗರಿಕ ಧರ್ಮ.

ಈ ಕಾರ್ಯದಿಂದ ಯಂತ್ರವು ಎಷ್ಟು ಚುರುಕಾಗುವುದೆಂಬುದು ಆಯಾ ಯಂತ್ರವನ್ನು ಅವಲಂಬಿಸಿದೆ. ಎಸ್‌ಎಸ್‌ಡಿಯೂ ಸೇರಿದಲ್ಲಿ ಹಳೆಯ ಯಂತ್ರದ ಚುರುಕನ್ನು ಕಂಡು ಮನೆಮಂದಿ ಬೆರಗಾದರೆ ಆಶ್ಚರ್ಯವಿಲ್ಲ. ವೇಗಕ್ಕಿಂತ ಹಿರಿದಾದ ಲಾಭವೊಂದು ಮಾತ್ರ ಎಲ್ಲರಿಗೂ ಸಮಾನವಾಗಿ ದೊರೆಯುತ್ತದೆ. ಮನೆಯ ಚಿತ್ರಗಳೂ ಪತ್ರಗಳೂ ಲೆಕ್ಕಗಳೂ ಎಲ್ಲೆಲ್ಲಿವೆಯೆಂಬುದನ್ನು ಒಮ್ಮೆ ಹುಡುಕಿ, ಎರಡು ಪ್ರತಿಗಳಲ್ಲಿ ಭದ್ರಪಡಿಸಿದವನಿಗೆ, ನಾಳೆ ಡಿಸ್ಕು ಸದ್ದಿಲ್ಲದೆ ಸತ್ತರೂ, ಲ್ಯಾಪ್‌ಟಾಪು ಬಸ್ಸಿನಲ್ಲಿ ಕಳುವಾದರೂ, ಹೋಗುವುದು ಯಂತ್ರ ಮಾತ್ರ. ಆ ಎರಡು ಪ್ರತಿಗಳನ್ನು ವರ್ಷಕ್ಕೆರಡು ಬಾರಿಯಾದರೂ ಹೊಸದು ಮಾಡುವ ರೂಢಿಯನ್ನು ಇಂದಿನಿಂದಲೇ ಇಟ್ಟುಕೊಳ್ಳಿರಿ.